ಒಂಬತ್ತು ದಿನದ ರಾಣಿಗೆ ಒಂದು ದವತಿ ಮಾಯಾಮಸಿ: ಟ್ಯೂಡರ್ ಕಾಲದ ಮೇಲೊಂದು ನಗೆ ಕಾದಂಬರಿ ಕಟ್ಟಿದ ಬಗೆ

ಲಂಡನ್ನಿನ ಇನ್ನರ್ ಟೆಂಪಲ್ ಗ್ರಂಥಾಲಯದಲ್ಲಿ ಒಂದು ಹಾಳೆ ಇದೆ. ತನ್ನ ನಂತರ ಪಟ್ಟ ಯಾರಿಗೆ ಎಂದು ಇಂಗ್ಲೆಂಡಿನ ಟ್ಯೂಡರ್ ವಂಶದ ದೊರೆ ಆರನೇ ಎಡ್ವರ್ಡ್ 1553ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಸ್ವಂತ ಕೈಯಿಂದ ಬರೆದ ಕರಡು ಅದು. ಮೊದಲು ಬರೆದದ್ದು ‘ಜೇನಳ ಗಂಡುಮಕ್ಕಳಿಗೆ’ ಎಂದು. ಆ ಹೊತ್ತಿಗೆ ದೊರೆಯ ಬಂಧು ಜೇನ್ ಗ್ರೇಗಾಗಲಿ, ಪಟ್ಟಿಯಲ್ಲಿದ್ದ ಬೇರೆ ಯಾವ ಹೆಣ್ಣಿಗಾಗಲಿ ಗಂಡುಮಗು ಇರಲಿಲ್ಲ. ದೊರೆಯ ಕೆಮ್ಮು ನೋಡಿದರೆ ಮಗು ಹುಟ್ಟುವ ತನಕ ಕಾಯುವ ಹಾಗೂ ಇರಲಿಲ್ಲ. ಆಮೇಲೆ ಒಂದು ಅಕ್ಷರ ಹೊಡೆದುಹಾಕಿ, ಸಾಲಿನ ಮೇಲೆ ಎರಡು ಪುಟ್ಟ ಪದ ಸೇರಿಸಲಾಯಿತು. ಅದು ‘ಜೇನಳಿಗೆ ಮತ್ತು ಅವಳ ಗಂಡುಮಕ್ಕಳಿಗೆ’ ಎಂದಾಯಿತು. ಒಂದು ದೇಶದ ಸಿಂಹಾಸನ ಈ ತಿದ್ದುಪಡಿಯ ಮೇಲೆ ನಿಂತಿತು, ಒಂಬತ್ತು ದಿನ ನಿಂತು ಬಿತ್ತು.

ನಗೆ ಕಾದಂಬರಿಗೆ ಇದಕ್ಕಿಂತ ಒಳ್ಳೆಯ ಬೀಜ ಸಿಗಲಾರದು. ಕಾದಂಬರಿಗಾಗಿ ನಾವು ಇತಿಹಾಸದಲ್ಲಿ ಬದಲಾಯಿಸಿದ್ದು ಒಂದೇ ಸಂಗತಿ: ಪಟ್ಟದಲ್ಲಿ ಇರುವವರು ಸ್ವಂತ ಕೈಯಿಂದ ಬರೆದ ಮಾತು, ಮಸಿ ಕಪ್ಪಾದ ಮೇಲೆ, ಅಕ್ಷರಶಃ ನಿಜವಾಗುತ್ತದೆ. ಉಳಿದದ್ದೆಲ್ಲ ದಾಖಲೆಯಲ್ಲಿ ಇದ್ದಂತೆಯೇ. ಈ ಬಗೆಯ ಬರವಣಿಗೆಗೆ ಇಳಿಯುವವರು ಸಾಮಾನ್ಯವಾಗಿ ಮೊದಲ ಅಧ್ಯಾಯದಲ್ಲೇ ಡ್ರ್ಯಾಗನ್ ತರುತ್ತಾರೆ, ಎರಡನೆಯದರಲ್ಲಿ ಮಾಟಗಾತಿ, ಮೂರನೆಯದರಲ್ಲಿ ಮಾತಾಡುವ ಕುದುರೆ. ಅಷ್ಟು ಹೊತ್ತಿಗೆ ಓದುವವರಿಗೆ ಯಾವುದು ವಿಚಿತ್ರ, ಯಾವುದು ಮಾಮೂಲು ಎಂಬ ಅಳತೆಗೋಲೇ ಕಳೆದುಹೋಗಿರುತ್ತದೆ. ಅಳತೆಗೋಲು ಇಲ್ಲದ ಕಡೆ ನಗು ಬರುವುದಿಲ್ಲ.

ಬರೆಯಲು ಕೂರುವ ಮೊದಲು ಆಗಬೇಕಾದ ಕೆಲಸ ಪಂಚಾಂಗದ್ದು. 1553ರ ಮೇ ತಿಂಗಳಿಂದ 1554ರ ಫೆಬ್ರವರಿ ತನಕ ದಿನಕ್ಕೊಂದು ಸಾಲು ಹಾಕಿ, ಯಾರು ಎಲ್ಲಿದ್ದರು ಎಂದು ತುಂಬಿಸಬೇಕು. ಮೇ ಕೊನೆಯ ಭಾಗದಲ್ಲಿ ಡರ್ಹಮ್ ಹೌಸ್‌ನಲ್ಲಿ ಒಂದೇ ದಿನ ಮೂರು ಮದುವೆ: ಜೇನ್, ಅವಳ ತಂಗಿ ಕ್ಯಾಥರಿನ್, ನಾರ್ಥಂಬರ್‌ಲ್ಯಾಂಡ್ ಡ್ಯೂಕ್‌ನ ಮಗಳು ಇನ್ನೊಬ್ಬ ಕ್ಯಾಥರಿನ್. ಜೂನ್ 21ರಂದು ಪಟ್ಟದ ಸನ್ನದು. ಜುಲೈ 6ರಂದು ಗ್ರೀನಿಚ್ ಅರಮನೆಯಲ್ಲಿ ಎಡ್ವರ್ಡ್ ತೀರಿಕೊಂಡ. ಜುಲೈ 10ರಂದು ಜೇನ್ ದೋಣಿಯಲ್ಲಿ ಲಂಡನ್ ಟವರ್ ಕೋಟೆಗೆ ಬಂದಳು, ಅಂದೇ ಡಂಗುರ. 14ರಂದು ಅವಳ ಮಾವ ನಾರ್ಥಂಬರ್‌ಲ್ಯಾಂಡ್, ಪಟ್ಟದ ಮೇಲೆ ಹಕ್ಕು ಸಾರಿದ್ದ ಎಡ್ವರ್ಡ್‌ನ ಮಲಅಕ್ಕ ಮೇರಿಯನ್ನು ಹಿಡಿಯಲು ದಂಡು ಕಟ್ಟಿಕೊಂಡು ಹೊರಟ. 19ರಂದು, ಜೇನಳನ್ನು ರಾಣಿ ಎಂದು ಸಾರಿದ್ದ ಮಂತ್ರಿಗಳೇ ಮೇರಿಯೇ ರಾಣಿ ಎಂದು ಸಾರಿದರು. ನವೆಂಬರ್ 13ರಂದು ಗಿಲ್ಡ್‌ಹಾಲ್‌ನಲ್ಲಿ ವಿಚಾರಣೆ. 1554ರ ಫೆಬ್ರವರಿ 12ರಂದು ಶಿರಚ್ಛೇದ.

ಈ ತಾರೀಖುಗಳಲ್ಲಿ ಎರಡು ಗುಂಡಿಗಳಿವೆ. ಅಂದಿನ ಇಂಗ್ಲೆಂಡಿನಲ್ಲಿ ವರ್ಷ ಬದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಹಾಗಾಗಿ ಹಳೆಯ ಕಾಗದದಲ್ಲಿ ಜೇನಳ ಸಾವು 1553ರ ಫೆಬ್ರವರಿ ಎಂದೇ ಇರುತ್ತದೆ. ಅದನ್ನು ಕಂಡು, ಪಟ್ಟಕ್ಕೆ ಐದು ತಿಂಗಳು ಮೊದಲೇ ಸತ್ತಳಲ್ಲ ಎಂದು ಗಾಬರಿಯಾಗಬೇಕಿಲ್ಲ. ಎರಡನೆಯದು ಇನ್ನೂ ಮೋಸದ್ದು. ಗ್ರೆಗೋರಿಯನ್ ಕ್ಯಾಲೆಂಡರ್ ಹುಟ್ಟಿದ್ದೇ 1582ರಲ್ಲಿ, ಇಂಗ್ಲೆಂಡ್ ಅದನ್ನು ಒಪ್ಪಿದ್ದು 1752ರಲ್ಲಿ. ಫೋನಿನ ಹಲವು ಕ್ಯಾಲೆಂಡರುಗಳು ಮಾತ್ರ ಇಂದಿನ ಲೆಕ್ಕವನ್ನೇ ಹಿಂದಕ್ಕೆ ಎಳೆದುಕೊಂಡು ಹೋಗುತ್ತವೆ. ಅವುಗಳ ಪ್ರಕಾರ 1553ರ ಜುಲೈ 10 ಶುಕ್ರವಾರ, ನಿಜದಲ್ಲಿ ಅದು ಸೋಮವಾರ. ಅಂದಿನ ಇಂಗ್ಲೆಂಡಿನಲ್ಲಿ ಶುಕ್ರವಾರ ಮಾಂಸ ಇಲ್ಲ, ಮೀನು ಮಾತ್ರ. ಫೋನನ್ನು ನಂಬಿದರೆ ಹೊಸ ರಾಣಿಯ ಮೊದಲ ಊಟಕ್ಕೆ ಅಡುಗೆಯವನು ಮೀನು ಬೇಯಿಸುತ್ತಾನೆ, ಅದರ ಸುತ್ತ ಎರಡು ಪುಟ ಹಾಸ್ಯವೂ ಹುಟ್ಟುತ್ತದೆ. ಆಮೇಲೆ ಎಲ್ಲ ಕಿತ್ತು ಹಾಕಬೇಕು.

ಬೆಳಕಿನ ಲೆಕ್ಕವೂ ಇದಕ್ಕೇ ಸೇರಿದ್ದು. ಕರ್ನಾಟಕದಲ್ಲಿ ಬೆಳೆದವರ ಕೈ ‘ಸಂಜೆ ಏಳು ಗಂಟೆ’ ಎಂದ ಕೂಡಲೇ ದೀಪ ಹಚ್ಚಿಬಿಡುತ್ತದೆ. ಜುಲೈ ತಿಂಗಳ ಲಂಡನ್ನಿನಲ್ಲಿ ಸೂರ್ಯ ಮುಳುಗುವಾಗ ಅಂದಿನ ಗಡಿಯಾರದಲ್ಲಿ ಎಂಟರ ಹತ್ತಿರ. ಟವರಿನಲ್ಲಿ ನಡೆಯುವ ಗುಟ್ಟಿನ ಓಡಾಟಗಳೆಲ್ಲ ಬೆಳಕಿನಲ್ಲೇ ನಡೆಯಬೇಕು. ಕತ್ತಲಲ್ಲಿ ಮರೆಯಾಗುವ ಪಾತ್ರಗಳಿಗಿಂತ ಹಾಡಹಗಲೇ ಮರೆಯಾಗಲು ಪಾಡುಪಡುವ ಪಾತ್ರಗಳು ಹೆಚ್ಚು ನಗಿಸುತ್ತವೆ, ಇದು ಬೋನಸ್ಸು.

ಇನ್ನು ಮಸಿ. ಮಾಯೆಯ ನಿಯಮವನ್ನು ತಲೆಯಿಂದ ಕಟ್ಟುವ ಬದಲು ವಸ್ತುವಿನಿಂದ ಕಟ್ಟಿದರೆ ಅದು ಹಿಡಿತದಲ್ಲಿ ಇರುತ್ತದೆ. ಆ ಕಾಲದ ಯುರೋಪಿನ ಕಚೇರಿ ಮಸಿಗೆ ಬೇಕಾದದ್ದು ಮಾಚಿಕಾಯಿ, ಅನ್ನಭೇದಿ (ಕಬ್ಬಿಣದ ಲವಣ), ಗೋಂದು, ಮತ್ತು ನೀರು ಅಥವಾ ದ್ರಾಕ್ಷಾರಸದ ಮದ್ಯ. ಮೊದಲ ಮೂರೂ ನಮ್ಮ ಗ್ರಂಥಿಗೆ ಅಂಗಡಿಗಳಲ್ಲಿ ಸಿಗುವ ಸಾಮಾನುಗಳೇ. 16ನೇ ಶತಮಾನದ ಒಂದು ಇಂಗ್ಲಿಷ್ ಪದ್ಯರೂಪದ ಪಾಠದಲ್ಲಿ ಮಾಚಿಕಾಯಿ ಐದು ಪಾಲು, ಅನ್ನಭೇದಿ ಮೂರು, ಗೋಂದು ಎರಡು ಎಂದು ಇದೆ. ಮನೆಯ ಅಳತೆಗೆ ಇಳಿಸಿದರೆ 25 ಗ್ರಾಂ ಮಾಚಿಕಾಯಿ, 15 ಗ್ರಾಂ ಅನ್ನಭೇದಿ, 10 ಗ್ರಾಂ ಗೋಂದು, ಸುಮಾರು 200 ಮಿಲಿ ನೀರು. ಮಾಚಿಕಾಯಿಯನ್ನು ತರಿತರಿಯಾಗಿ ಜಜ್ಜಿ, ಗಾಜಿನ ಇಲ್ಲವೇ ಪಿಂಗಾಣಿ ಜಾಡಿಯಲ್ಲಿ ಕೆಲವು ದಿನ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಆಮೇಲೆ ಅನ್ನಭೇದಿ ಹಾಕಬೇಕು. ಹಾಕಿದ ಕ್ಷಣವೇ ಕಂದು ಬಣ್ಣದ ಕಷಾಯ ಕಡುಗಪ್ಪಿಗೆ ತಿರುಗುತ್ತದೆ. ಕೊನೆಗೆ ಗೋಂದು. ಕಬ್ಬಿಣದ ಪಾತ್ರೆ ಬೇಡ, ಅದೂ ಮಸಿಯೊಳಗೆ ಸೇರಿಕೊಳ್ಳುತ್ತದೆ. ಫೌಂಟನ್ ಪೆನ್ನಿಗೆ ತುಂಬಲೇಬಾರದು, ಗರಿಯ ಲೇಖನಿಯೋ ಅದ್ದಿ ಬರೆಯುವ ನಿಬ್ಬೋ ಆಗಬೇಕು. ಗೋಂದು ಹೆಚ್ಚಾದರೆ ಮಸಿ ಹರಿಯದು, ಒಣಗಿದ ಮೇಲೆ ಬಿರುಕು ಬಿಡುತ್ತದೆ. ಬೂಷ್ಟು ಬಾರದಿರಲು ಒಂದೆರಡು ಲವಂಗ ಹಾಕುವ ಹಳೆಯ ರೂಢಿ ಇದೆ.

ಬರೆದು ನೋಡಿದಾಗಲೇ ಈ ಮಸಿಯ ಎರಡು ಗುಣ ಕಾಣುವುದು, ಕಾದಂಬರಿಯ ಅರ್ಧ ಕಥೆ ಅಲ್ಲೇ ಸಿಕ್ಕಿತು. ಒಂದು, ಅದು ಹಾಳೆಯ ಮೇಲೆ ಇಳಿಯುವಾಗ ಮಾಸಲು ಬೂದು ಬಣ್ಣ, ಗಾಳಿ ತಾಕುತ್ತ ತಾಕುತ್ತ ಕಪ್ಪೇರುತ್ತದೆ. ಇನ್ನೊಂದು, ಅನ್ನಭೇದಿ ಹದ ಮೀರಿದರೆ ಮಸಿ ಕಾಗದವನ್ನೇ ತಿನ್ನುತ್ತದೆ. ಹಳೆಯ ಹಸ್ತಪ್ರತಿಗಳಲ್ಲಿ ಅಕ್ಷರ ಇದ್ದ ಜಾಗದಲ್ಲಿ ಅಕ್ಷರದ ಆಕಾರದ ತೂತು ಮಾತ್ರ ಉಳಿದಿರುವುದು ಇದರಿಂದ.

ಮೊದಲ ಗುಣದಿಂದ ಗಡುವು ಸಿಕ್ಕಿತು. ದೊರೆ ಬರೆದ ಮಾತು ತಕ್ಷಣ ನಿಜವಾಗುವುದಿಲ್ಲ, ಮಸಿ ಕಪ್ಪಾಗುವ ತನಕ ಸಮಯವಿದೆ. ಆ ನಡುವೆ ಯಾರಾದರೂ ಮೇಲೆ ನೀರು ಚೆಲ್ಲಬಹುದು, ಒಂದು ಪದ ಸೇರಿಸಬಹುದು, ಹಾಳೆ ಕದ್ದು ಓಡಬಹುದು. ಮುದ್ರೆ ಬಿದ್ದ ಮೇಲೆ ಬರೆದವರೂ ಅಳಿಸಲಾರರು ಎಂಬ ಎರಡನೇ ಗಂಟನ್ನೂ ಹಾಕಿದೆವು. ಮಾಯೆಗೆ ಗಡುವು ಇಲ್ಲದಿದ್ದರೆ ದೃಶ್ಯಕ್ಕೆ ಓಟ ಬರುವುದಿಲ್ಲ. ಎರಡನೆಯ ಗುಣವನ್ನು ಕೊನೆಗೆಂದು ತೆಗೆದಿಟ್ಟೆವು.

ನಿಯಮದಲ್ಲಿ ‘ಅಕ್ಷರಶಃ’ ಎಂಬ ಪದ ಏಕೆ ಬೇಕು? ಎಡ್ವರ್ಡ್‌ನ ಮಾತೆಲ್ಲ ನಿಜವಾಗುವುದಾದರೆ ಜೇನ್ ಐವತ್ತು ವರ್ಷ ಆಳಬೇಕಿತ್ತು. ಮಾಯೆ ಬೆರೆಸಿದ ಇತಿಹಾಸದಲ್ಲಿ ಎಲ್ಲರೂ ಎಡವುವ ಕಲ್ಲು ಇದೇ: ಇಷ್ಟು ಶಕ್ತಿ ಇದ್ದೂ ಅವರು ಏಕೆ ಸೋತರು? ನಮ್ಮ ಉತ್ತರ, ಕಿರೀಟ ಜೇನಳಿಗೆ ಹೋಗಲಿ ಎಂದು ಅವನು ಬರೆದನೇ ಹೊರತು ಜನ ಅವಳನ್ನು ಒಪ್ಪಲಿ ಎಂದು ಬರೆಯಲಿಲ್ಲ. ಆದ್ದರಿಂದ ಕಿರೀಟ, ಆ ಚಿನ್ನದ ವಸ್ತು, ಜೇನಳ ಹಿಂದೆಯೇ ಹೋಗುತ್ತದೆ. ಮೆಟ್ಟಿಲ ಮೇಲೆ ಉರುಳಿಕೊಂಡು ಬರುತ್ತದೆ, ಗ್ರೀಕ್ ಓದುತ್ತಿದ್ದರೆ ಮೇಜಿನ ಮೇಲೆ ಹತ್ತಿ ಕೂರುತ್ತದೆ, ಸ್ನಾನದ ಮನೆಯ ಬಾಗಿಲು ಬಡಿಯುತ್ತದೆ. ಇದಕ್ಕೆ ದಾಖಲೆಯ ಆಸರೆಯೂ ಉಂಟು. ಬೊಕ್ಕಸದ ಮುಖ್ಯಸ್ಥ ವಿಂಚೆಸ್ಟರ್ ಮಾರ್ಕ್ವಿಸ್ ಅವಳು ಕೇಳದೇ ಇದ್ದರೂ ಕಿರೀಟ ತಂದು, ತಲೆಗೆ ಸರಿಹೋಗುತ್ತದೋ ನೋಡಿ, ನಿಮ್ಮ ಗಂಡನಿಗೂ ಒಂದು ಮಾಡಿಸೋಣ ಅಂದನೆಂದು ಜೇನಳ ಹೇಳಿಕೆಯಲ್ಲೇ ಇದೆ. ಮಾಯೆಯನ್ನು ಕೂರಿಸಲು ಸರಿಯಾದ ಜಾಗ ಇಂಥ ಬಿರುಕು, ಇತಿಹಾಸವೇ ಸ್ವಲ್ಪ ಬಾಯಿಬಿಟ್ಟುಕೊಂಡಿರುವ ಕಡೆ.

ಕಲ್ಪನೆಗೆ ಕೈ ಹಾಕುವ ಮೊದಲು, ಈ ಒಂಬತ್ತು ದಿನದಲ್ಲಿ ತಾನಾಗಿ ನಗೆ ತರಿಸುವ ಸಂಗತಿಗಳನ್ನು ಬೇರೆ ಪಟ್ಟಿ ಮಾಡಿಟ್ಟುಕೊಳ್ಳಬೇಕು. ಮುಖ್ಯ ನ್ಯಾಯಾಧೀಶ ಎಡ್ವರ್ಡ್ ಮಾಂಟಗು, ಎಡ್ವರ್ಡ್‌ನ ನಂತರ ಮೇರಿಗೆ ಪಟ್ಟ ಎನ್ನುವ ಸಂಸತ್ತಿನ ಕಾಯ್ದೆಯನ್ನು ಹೀಗೆ ಚೀಟಿ ಬರೆದು ಮೀರುವುದು ರಾಜದ್ರೋಹವಾದೀತು ಎಂದು ಹಿಂಜರಿದ. ನಾರ್ಥಂಬರ್‌ಲ್ಯಾಂಡ್ ಕೋಪದಲ್ಲಿ ನಡುಗುತ್ತ, ಈ ವಿಷಯದಲ್ಲಿ ಯಾರ ಜೊತೆಗೂ ಬರೀ ಅಂಗಿಯಲ್ಲಿ ನಿಂತು ಹೊಡೆದಾಡಲು ತಯಾರು ಎಂದನಂತೆ. ಹೆದರಿದ ನ್ಯಾಯಾಧೀಶ ಒಪ್ಪಿದ, ಆದರೆ ಮೊದಲು ತನಗೊಂದು ಕ್ಷಮಾಪತ್ರ ಬರೆದುಕೊಡಿ ಎಂದ. ಇನ್ನೂ ಮಾಡದ ತಪ್ಪಿಗೆ ಮುಂಗಡ ಕ್ಷಮಾಪತ್ರ! ನಮ್ಮ ನಿಯಮದ ಲೋಕದಲ್ಲಿ ಈ ಕಾಗದಕ್ಕೆ ಇನ್ನಷ್ಟು ಬೆಲೆ: ಅದು ಕಪ್ಪಾದ ಮೇಲೆ ಮಾಂಟಗು ಏನು ಮಾಡಿದರೂ ತಪ್ಪಾಗುವುದಿಲ್ಲ. ಅವನು ಅದನ್ನು ಪರೀಕ್ಷಿಸಲು ಹೊರಡುವ ಅಧ್ಯಾಯ ತಾನಾಗಿಯೇ ಬೆಳೆಯಿತು.

ಜುಲೈ 16ರ ಭಾನುವಾರ ಇನ್ನೂ ಚೆಂದ. ಟವರಿನೊಳಗೇ ಇದ್ದ, ಹೆಸರು ತಿಳಿಯದ ಒಬ್ಬನ ದಿನಚರಿ ಉಳಿದಿದೆ. ಸಂಜೆ ಏಳರ ಸುಮಾರಿಗೆ ಇದ್ದಕ್ಕಿದ್ದಂತೆ ಕೋಟೆಯ ಬಾಗಿಲು ಮುಚ್ಚಿ, ಬೀಗದ ಕೈಗಳನ್ನು ಜೇನಳ ಕೋಣೆಗೆ ಒಯ್ದರಂತೆ. ಒಂದು ಮುದ್ರೆ ಕಾಣೆಯಾಗಿದೆ ಎಂಬ ಗುಲ್ಲು. ನಿಜವಾದ ಕಾರಣ, ವಿಂಚೆಸ್ಟರ್ ಮೆಲ್ಲಗೆ ಮನೆಗೆ ಜಾರಿಕೊಂಡಿದ್ದ. ನಡುರಾತ್ರಿ ಅವನನ್ನು ಹಿಡಿದು ತಂದರು. ಹದಿಹರೆಯದ ರಾಣಿ ತನ್ನ ಮಂತ್ರಿಗಳನ್ನೇ ಒಳಗೆ ಹಾಕಿ ಬೀಗ ಜಡಿದ ರಾತ್ರಿ ಅದು. ಕಾದಂಬರಿಯ ಅತಿ ಉದ್ದದ ಅಧ್ಯಾಯ ಇದಕ್ಕೇ ಹೋಯಿತು, ಮುದ್ರೆಯನ್ನು ನಿಜವಾಗಿಯೂ ಕಳೆದುಹಾಕಿದೆವು. ದಿನಕ್ಕೊಂದು ಅಧ್ಯಾಯ ಎಂದು ಹಾಕಿಕೊಂಡರೆ ಎಲ್ಲವನ್ನೂ ಒಂದೇ ಉದ್ದಕ್ಕೆ ಎಳೆಯುವ ಚಪಲ ಬರುತ್ತದೆ. ಅದು ಬೇಡ, ಏನೂ ನಡೆಯದ ದಿನಕ್ಕೆ ಅರ್ಧ ಪುಟ ಸಾಕು.

19ರ ಬುಧವಾರ ಲಂಡನ್ನಿನ ಚೀಪ್‌ಸೈಡ್ ಬೀದಿಯಲ್ಲಿ ಮೇರಿಯ ಹೆಸರು ಸಾರಿದಾಗ ಪೆಂಬ್ರೋಕ್ ಅರ್ಲ್ ಟೋಪಿ ತುಂಬ ಚಿನ್ನದ ನಾಣ್ಯ ತೂರಿದ. ಎರಡು ತಿಂಗಳ ಹಿಂದೆ ಜೇನಳ ತಂಗಿಯನ್ನು ಮಗನಿಗೆ ತಂದುಕೊಂಡ ಬೀಗ ಇವನೇ, ಆಮೇಲೆ ಆ ಮದುವೆಯನ್ನೂ ರದ್ದು ಮಾಡಿಸಿದ. ಮಗಳ ಆಸನದ ಮೇಲಿನ ರಾಜಛತ್ರವನ್ನು ಜೇನಳ ಅಪ್ಪನೇ ಕಿತ್ತುಹಾಕಿದ ಎಂಬ ವರದಿ ಇದೆ. ನಾರ್ಥಂಬರ್‌ಲ್ಯಾಂಡ್ ಕೇಂಬ್ರಿಜ್‌ನಲ್ಲಿ ಸಿಕ್ಕಿಬಿದ್ದವನು ತಾನೇ ಟೋಪಿ ಹಾರಿಸಿ ಮೇರಿಗೆ ಜಯಕಾರ ಹಾಕಿದ. ಅವನು ಲಂಡನ್ ಬಿಟ್ಟು ಹೊರಟಾಗಲೇ, ಜನ ನೋಡಲು ಮುಗಿಬಿದ್ದಿದ್ದಾರೆ, ಒಬ್ಬರೂ ಒಳ್ಳೆಯದಾಗಲಿ ಅನ್ನಲಿಲ್ಲ ಎಂದು ಗೊಣಗಿದ್ದ.

ಇಂಥವನ್ನು ಕಥೆಯಲ್ಲಿ ಸುಮ್ಮನೆ ಇಟ್ಟರೆ ಓದುಗರು ಇದೂ ಲೇಖಕರ ಕುಚೋದ್ಯ ಅಂದುಕೊಳ್ಳುತ್ತಾರೆ. ಅದಕ್ಕೆ ಅಡಿಟಿಪ್ಪಣಿಗಳನ್ನು ಬಳಸಿದೆವು, ಒಂದು ಕಟ್ಟುಪಾಡಿನ ಮೇಲೆ: ಮೇಲಿನ ಕಥೆಯಲ್ಲಿ ಸುಳ್ಳು ಹೇಳಬಹುದು, ಅಡಿಟಿಪ್ಪಣಿಯಲ್ಲಿ ಕೂಡದು. ಪುಟಕ್ಕೆ ಒಂದೇ ಟಿಪ್ಪಣಿ, ಮೂರು ಸಾಲು ದಾಟಬಾರದು. ಹತ್ತು ಪುಟ ಓದುವಷ್ಟರಲ್ಲಿ, ಕೆಳಗಿರುವುದೇ ಮೇಲಿನದಕ್ಕಿಂತ ಅಸಂಬದ್ಧ ಎಂದು ಓದುಗರಿಗೆ ತಿಳಿಯುತ್ತದೆ. ಆಮೇಲೆ ಅವರು ಟಿಪ್ಪಣಿಯನ್ನೇ ಮೊದಲು ಓದಲು ಶುರುಮಾಡುತ್ತಾರೆ. ಅಡಿಟಿಪ್ಪಣಿಯಲ್ಲೂ ಜೋಕು ಹೊಡೆಯುವ ಆಸೆ ಬಲವಾದದ್ದು. ಒಂದು ಸುಳ್ಳು ನುಸುಳಿದರೂ ಇಡೀ ಏರ್ಪಾಡು ಬಿದ್ದುಹೋಗುತ್ತದೆ.

ನಿರೂಪಕನ ದನಿಗೆ ಮಾದರಿ ಎಡ್ವರ್ಡ್‌ನ ದಿನಚರಿಯಿಂದಲೇ ಬಂತು. ಅವನಿಗೆ ಇಬ್ಬರು ಸೋದರಮಾವಂದಿರು ರಾಜಕಾರಣದಲ್ಲಿ ಮೆರೆದರು, ಇಬ್ಬರ ತಲೆಯೂ ಅವನ ಆಳ್ವಿಕೆಯಲ್ಲೇ ಉರುಳಿತು: ಥಾಮಸ್ ಸೀಮೋರ್ 1549ರಲ್ಲಿ, ಸಾಮರ್‌ಸೆಟ್ ಡ್ಯೂಕ್ 1552ರ ಜನವರಿಯಲ್ಲಿ. ಎರಡನೆಯವನ ಬಗ್ಗೆ ಸೋದರಳಿಯ ಬರೆದದ್ದು ಒಂದೇ ಸಾಲು. ಬೆಳಗಿನ ಎಂಟು ಒಂಬತ್ತು ಗಂಟೆಯ ನಡುವೆ ಟವರ್ ಹಿಲ್‌ನಲ್ಲಿ ಅವನ ತಲೆ ಕಡಿಯಲಾಯಿತು, ಅಷ್ಟೆ. ಉದ್ಗಾರ ಇಲ್ಲ, ಅಳು ಇಲ್ಲ. ನಗೆ ಬರಹಕ್ಕೆ ಬೇಕಾದ ದನಿ ಇದೇ. ಎಷ್ಟು ವಿಚಿತ್ರ ಘಟನೆಯೋ ಅಷ್ಟು ಚಪ್ಪಟೆ ವಾಕ್ಯ. ‘ವಿಚಿತ್ರವೆಂದರೆ’, ‘ತಮಾಷೆಯ ಸಂಗತಿ ಏನೆಂದರೆ’ ಎಂಬ ಪೀಠಿಕೆ ಕಂಡ ಕಡೆಯಲ್ಲೆಲ್ಲ ಹೊಡೆದುಹಾಕಬೇಕು.

ಕನ್ನಡದಲ್ಲಿ ಬರೆಯುವಾಗಿನ ದೊಡ್ಡ ಅನುಕೂಲ ನೀನು, ನೀವು, ತಾವು. ಜುಲೈ 9ರಂದು ಸೈಯನ್ ಹೌಸ್‌ನ ಒಂದು ಕೋಣೆಯಲ್ಲಿ ದೊಡ್ಡ ದೊಡ್ಡ ದೊರೆಗಳೆಲ್ಲ ಈ ಹುಡುಗಿಯ ಮುಂದೆ ಮಂಡಿಯೂರಿದರು. ಬೆಳಗ್ಗೆ ‘ಬಾ ಮಗು, ಕೂತ್ಕೋ’ ಅಂದಿದ್ದ ಮಾವ ಮಧ್ಯಾಹ್ನ ‘ತಾವು ದಯಮಾಡಿಸಬೇಕು’ ಅನ್ನಬೇಕು. ಅವನ ನಾಲಿಗೆ ಹೊರಳದೆ ನಡುವೆ ‘ನೀ... ತಾವು’ ಎಂದು ತಡವರಿಸುತ್ತಾನೆ. 19ರ ಸಂಜೆ ಅದೇ ಏಣಿಯಲ್ಲಿ ಎಲ್ಲರೂ ಕೆಳಗಿಳಿಯುತ್ತಾರೆ. ಯಾರು ಎಷ್ಟು ಬೇಗ ಇಳಿದರು ಎನ್ನುವುದರಲ್ಲೇ ಅವರ ಗುಣ ಗೊತ್ತಾಗುತ್ತದೆ. ಇದನ್ನು ನೆನಪಿನ ಮೇಲೆ ಬಿಡಬಾರದು. ಪ್ರತಿ ಜೋಡಿ ಪಾತ್ರಕ್ಕೆ ಯಾವ ದಿನ ಯಾವ ಸಂಬೋಧನೆ ಎಂದು ಪಟ್ಟಿ ಮಾಡಿ, ಕರಡಿನಲ್ಲಿ ಬಣ್ಣ ಹಚ್ಚಿ ನೋಡಬೇಕು. ಒಂದು ‘ನೀನು’ ತಪ್ಪು ಜಾಗದಲ್ಲಿ ಉಳಿದರೆ ದೃಶ್ಯ ಕುಂಟುತ್ತದೆ.

ಡಂಗುರ, ಸನ್ನದು, ಹುಕುಂಗಳಿಗೆ ಯಾವ ಕನ್ನಡ? ‘ಸ್ವಸ್ತಿಶ್ರೀ’ ಎಂದು ಶಾಸನದ ಧಾಟಿ ಹಿಡಿದರೆ ಓದುಗರು ಥೇಮ್ಸ್ ದಂಡೆಯಿಂದ ನೇರ ತುಂಗಭದ್ರೆಗೆ ಬಂದುಬಿಡುತ್ತಾರೆ. ಸರ್ಕಾರಿ ಸುತ್ತೋಲೆಯ ಕನ್ನಡ ಸರಿಯಾಗಿ ಕೂತಿತು: ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ದಿವಂಗತ ದೊರೆಗಳ ಆದೇಶದನ್ವಯ’. ಟ್ಯೂಡರ್ ಆಡಳಿತ ಮೊದಲಿಗೆ ಕಾಗದದ ಆಡಳಿತ, ಹಾಗಾಗಿ ಇದು ವೇಷವಲ್ಲ. ದೋಣಿಯವನಿಗೆ, ಅಡುಗೆಯವಳಿಗೆ ನಮ್ಮ ಯಾವುದೋ ಒಂದು ಸೀಮೆಯ ಆಡುಮಾತು ಹಚ್ಚಿ ನಗಿಸುವುದು ಅಗ್ಗದ ಕೆಲಸ. ಆ ಸೀಮೆಯವರನ್ನು ಆಳುಗಳ ಸಾಲಿಗೆ ಸೇರಿಸಿದಂತೆಯೂ ಆಯಿತು. ಅವರಿಗೆ ಚಿಕ್ಕ ವಾಕ್ಯ ಕೊಟ್ಟರೆ ಸಾಕು. ಜೇನಳ ಅತ್ತೆ ಇನ್ನೊಂದು ಅಪಾಯ. ಗಂಡನನ್ನು ರಾಜನನ್ನಾಗಿ ಮಾಡುವುದಿಲ್ಲ, ಬೇಕಾದರೆ ಡ್ಯೂಕ್ ಮಾಡುತ್ತೇನೆ ಎಂದು ಸೊಸೆ ಹೇಳಿದಾಗ ಅತ್ತೆ ಸಿಟ್ಟಾಗಿ ಮಗನನ್ನು ಕರೆದುಕೊಂಡು ಹೊರಟಳು; ಜೇನ್ ಇಬ್ಬರು ಅರ್ಲ್‌ಗಳನ್ನು ಕಳಿಸಿ ತಡೆದಳು. ದೃಶ್ಯ ಭಾರಿ ಸೊಗಸು, ಆದರೆ ಒಂದು ಎಳೆ ಹೆಚ್ಚು ಎಳೆದರೂ ಸಂಜೆ ಏಳೂವರೆಯ ಧಾರಾವಾಹಿ. ಜೇನ್, ಜೇನು ಎಂಬ ಶ್ಲೇಷೆಯನ್ನಂತೂ ಮೊದಲೇ ನಿಷೇಧಿಸಿದ್ದೆವು.

ಹೆಸರುಗಳ ಗೋಜು ಬೇರೆ. ಎಂಟನೇ ಹೆನ್ರಿ, ಜೇನಳ ಅಪ್ಪ ಹೆನ್ರಿ, ತಂಗಿಯ ಗಂಡ ಹೆನ್ರಿ, ನಾದಿನಿಯ ಗಂಡ ಹೆನ್ರಿ, ಮೈದುನ ಹೆನ್ರಿ. ರಾಣಿ ಮೇರಿ, ಜೇನಳ ಕೊನೆಯ ತಂಗಿ ಮೇರಿ, ಅಜ್ಜಿ ಮೇರಿ. ಹೆಸರು ಬದಲಾಯಿಸುವುದು ಸುಲಭದ ದಾರಿ, ಆದರೆ ಒಂದೇ ಬದಲಾವಣೆ ಎಂಬ ಮಾತು ಮುರಿಯುತ್ತದೆ. ಪಾತ್ರಗಳನ್ನು ಪದವಿಯಿಂದಲೋ ಜೇನಳ ಜೊತೆಗಿನ ನಂಟಿನಿಂದಲೋ ಕರೆದರೆ ಗಂಟು ಬಿಡಿಸಿಕೊಳ್ಳುತ್ತದೆ. ಇಷ್ಟು ನಂಟುಗಳಿಗೂ ಕನ್ನಡದಲ್ಲಿ ಬೇರೆ ಬೇರೆ ಪದ ಇರುವುದರಿಂದ ವಂಶವೃಕ್ಷದ ಚಿತ್ರವೇ ಬೇಕಾಗಲಿಲ್ಲ.

ಸಾಮಾನುಗಳ ವಿಷಯ ಚುಟುಕಾಗಿ: ಆಲೂಗಡ್ಡೆ, ಟೊಮ್ಯಾಟೊ, ಚಹಾ, ಕಾಫಿ ಮೇಜಿನ ಮೇಲೆ ಬರಕೂಡದು. ಉಣ್ಣಲು ಚಾಕು, ಚಮಚ, ಬೆರಳು, ಫೋರ್ಕ್ ಇಲ್ಲ. ಬೆನ್ನಿರುವ ಕುರ್ಚಿ ದೊಡ್ಡವರದು, ಉಳಿದವರಿಗೆ ಸ್ಟೂಲು. ಹಣದ ಲೆಕ್ಕದಲ್ಲಿ ಹನ್ನೆರಡು ಪೆನ್ನಿ ನಾಣ್ಯ ಸೇರಿ ಒಂದು ಶಿಲಿಂಗ್, ಇಪ್ಪತ್ತು ಶಿಲಿಂಗ್ ಸೇರಿ ಒಂದು ಪೌಂಡ್.

ಜೇನಳ ಮುಖಕ್ಕೆ ಬಂದರೆ ಇನ್ನೊಂದು ಬಲೆ ಕಾದಿದೆ. ಟವರ್‌ಗೆ ಬಂದ ದಿನ ಜಿನೋವಾದ ಒಬ್ಬ ವ್ಯಾಪಾರಿ ಅವಳನ್ನು ಕಂಡು, ಕುಳ್ಳಗೆ, ಕೆಂಚು ಕೂದಲು, ಮುಖದ ಮೇಲೆ ಮಚ್ಚೆ, ಎತ್ತರ ಕಾಣಲು ದಪ್ಪ ಅಟ್ಟೆಯ ಪಾದರಕ್ಷೆ ಎಂದೆಲ್ಲ ಬರೆದನೆಂದು ಬಹಳ ಪುಸ್ತಕಗಳಲ್ಲಿ ಇದೆ. 1909ರ ಒಂದು ಜೀವನಚರಿತ್ರೆಗಿಂತ ಹಿಂದೆ ಆ ಪತ್ರದ ಸುಳಿವೇ ಸಿಗುವುದಿಲ್ಲ, ಕಟ್ಟಿದ ಕಥೆ. 1833ರಲ್ಲಿ ಪಾಲ್ ಡೆಲರೋಷ್ ಬರೆದ, ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ, ಜೇನಳ ಶಿರಚ್ಛೇದದ ಚಿತ್ರವೂ ಹಾಗೆಯೇ. ಬಿಳಿ ಉಡುಪು, ನೆಲಮಾಳಿಗೆಯ ಕತ್ತಲು ಎಲ್ಲ ಅವನ ಕಲ್ಪನೆ. ಶಿರಚ್ಛೇದ ನಡೆದದ್ದು ಟವರ್ ಗ್ರೀನ್‌ನ ಬಯಲಲ್ಲಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮೇಲೆ ತಲೆ ಇಡುವ ಕೊರಡು ಸಿಗದೆ, ಏನು ಮಾಡಲಿ, ಎಲ್ಲಿದೆ ಎಂದು ಅವಳು ತಡಕಾಡಿದ್ದು ಮಾತ್ರ ಅಂದಿನ ದಾಖಲೆಯಲ್ಲೇ ಇದೆ. ಮುಖದ ವರ್ಣನೆಯನ್ನೇ ನಾವು ಕೈಬಿಟ್ಟೆವು. ಅವಳ ಬಗ್ಗೆ ಗಟ್ಟಿಯಾಗಿ ಗೊತ್ತಿರುವುದು ಓದು: 1550ರಲ್ಲಿ ಅವಳ ತವರುಮನೆ ಬ್ರ್ಯಾಡ್‌ಗೇಟ್‌ಗೆ ಬಂದ ವಿದ್ವಾಂಸ ರೋಜರ್ ಆಸ್ಕಮ್‌ಗೆ, ಮನೆಯವರೆಲ್ಲ ಬೇಟೆಗೆ ಹೋಗಿದ್ದಾಗ ಅವಳು ಪ್ಲೇಟೋನನ್ನು ಗ್ರೀಕಿನಲ್ಲಿ ಓದುತ್ತ ಕೂತದ್ದು ಕಂಡಿತು. ಪಾತ್ರಕ್ಕೆ ಇಷ್ಟು ಸಾಕು. ಅವಳಿಗೆ ಖಡ್ಗ ಕೊಟ್ಟು ಕುದುರೆ ಹತ್ತಿಸಿದರೆ ಅವಳು ಇನ್ಯಾರೋ ಆಗುತ್ತಾಳೆ.

ಕಷ್ಟದ ಭಾಗ ಅಂತ್ಯ. ಹದಿನಾರು ಹದಿನೇಳರ ಹುಡುಗಿಯ ತಲೆ ಹೋಗುವ ಕಥೆಯಲ್ಲಿ ನಗುವುದು ಹೇಗೆ? ಕಥೆಯನ್ನು ಜುಲೈ 19ಕ್ಕೇ ನಿಲ್ಲಿಸಬಹುದು, ಆದರೆ ಮುಂದಿನದು ಗೊತ್ತಿರುವ ಓದುಗರಿಗೆ ಅದು ಮುಖ ತಿರುಗಿಸಿದಂತೆ ಕಾಣುತ್ತದೆ. ಕೊನೆಯ ಗಳಿಗೆಯಲ್ಲಿ ಪವಾಡ ಮಾಡಿ ಉಳಿಸಿದರೆ ನಿಯಮಕ್ಕೆ ಬೆಲೆಯಿಲ್ಲ. ಅದಕ್ಕೆ ಉಳಿಸಿಟ್ಟಿದ್ದ ಮಸಿಯ ಎರಡನೇ ಗುಣ ಬಂತು. ನವೆಂಬರಿನ ವಿಚಾರಣೆಯಲ್ಲಿ ಅವಳ ಮೇಲಿದ್ದ ಆರೋಪಗಳಲ್ಲಿ ಒಂದು, ಕಾಗದಗಳಿಗೆ ‘ಜೇನ್ ರಾಣಿ’ ಎಂದು ರುಜು ಹಾಕಿದಳು ಎಂಬುದು. ನಮ್ಮ ಜೇನ್ ಮೊದಲ ದಿನದಿಂದಲೇ ತನ್ನ ದವತಿಗೆ ಅನ್ನಭೇದಿಯನ್ನು ದುಪ್ಪಟ್ಟು ಹಾಕಿಸುತ್ತಾಳೆ. ಗಂಡನನ್ನು ಡ್ಯೂಕ್ ಮಾಡಿದ, ಜಗಳಕ್ಕೆ ಕಾರಣವಾದ ಆ ಹಾಳೆಯನ್ನೂ ಅದರಿಂದಲೇ ಬರೆಯುತ್ತಾಳೆ. ಏಳು ತಿಂಗಳಲ್ಲಿ ಪ್ರತಿ ರುಜುವೂ ಅಕ್ಷರದ ಆಕಾರದ ತೂತಾಗುತ್ತದೆ. ಬರೆದದ್ದು ಅಕ್ಷರಶಃ ನಿಜವಾಗುವ ಲೋಕದಲ್ಲಿ ಅಕ್ಷರವೇ ಇಲ್ಲದಿದ್ದರೆ ರಾಣಿಯೂ ಇರಲಿಲ್ಲ, ರಾಣಿಯ ಗಂಡನೂ ಇರಲಿಲ್ಲ. ಫೆಬ್ರವರಿ 12ರ ಬೆಳಗ್ಗೆ ಗುಮಾಸ್ತರು ತೂತುಬಿದ್ದ ಕಾಗದಗಳನ್ನು ಬೆಳಕಿಗೆ ಹಿಡಿದು, ಯಾರನ್ನು ಕೊಲ್ಲಬೇಕು ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ.

ಇದು ನಡೆಯಬೇಕಾದರೆ ತೂತು ಬೀಳುವ ಸೂಚನೆಯನ್ನು ಮೂರು ಕಡೆ ಮೊದಲೇ ಬಿತ್ತಿರಬೇಕು: ಅಡುಗೆಮನೆಯ ಲೆಕ್ಕದ ಚೀಟಿಯಲ್ಲಿ ತಮಾಷೆಯಾಗಿ, ಮಾಂಟಗುವಿನ ಕ್ಷಮಾಪತ್ರದ ಅಂಚಿನಲ್ಲಿ ಗಾಬರಿಯಾಗಿ, 16ರ ರಾತ್ರಿ ಮುದ್ರೆ ಹುಡುಕುವ ಗಡಿಬಿಡಿಯಲ್ಲಿ ಯಾರ ಕಣ್ಣಿಗೂ ಬೀಳದಂತೆ. ನಾಲ್ಕನೇ ಕಡೆ ಹೇಳಿದರೆ ಗುಟ್ಟು ಒಡೆಯುತ್ತದೆ, ಎರಡೇ ಕಡೆ ಆದರೆ ಮೋಸ ಅನ್ನಿಸುತ್ತದೆ. ನಿಜದಲ್ಲಿ ಮಸಿ ಕಾಗದವನ್ನು ಹೀಗೆ ತಿನ್ನಲು ದಶಕಗಳು, ಶತಮಾನಗಳೇ ಬೇಕು. ಏಳು ತಿಂಗಳಿಗೆ ಇಳಿಸಿದ್ದು ಮಾಯೆಯ ಪಾಲು, ಅದನ್ನು ಎರಡನೇ ಅಧ್ಯಾಯದಲ್ಲೇ ಒಪ್ಪಿಸಿಟ್ಟೆವು.

ನಗಬಾರದ ಕಡೆಯೂ ಗುರುತು ಹಾಕಿರಬೇಕು. ಮೇರಿಗೇ ಹಕ್ಕು ಎಂದು ಬಾಯಿಬಿಟ್ಟಿದ್ದಕ್ಕೆ ಹೆಂಡದಂಗಡಿಯ ಹುಡುಗ ಗಿಲ್ಬರ್ಟ್ ಪಾಟ್‌ನ ಎರಡೂ ಕಿವಿ ಕತ್ತರಿಸಿದರು, ಜೇನಳ ಆಳ್ವಿಕೆಯ ಎರಡನೇ ದಿನ, ಅವಳ ಹೆಸರಿನಲ್ಲಿ. ಅದು ಜೋಕಿನ ಸಾಲಿನಲ್ಲಿ ಬಾರದಂತೆ, ಅಡಿಟಿಪ್ಪಣಿಯೂ ಇಲ್ಲದೆ, ಒಂದೇ ಪ್ಯಾರಾ ಆಗಿ ನಿಲ್ಲುತ್ತದೆ. ಮೇರಿಯನ್ನು ರಾಕ್ಷಸಿ ಮಾಡುವುದೂ ಸಲ್ಲ. ಕಾಯ್ದೆಯ ಪ್ರಕಾರ ಪಟ್ಟ ಅವಳದೇ ಆಗಿತ್ತು, ಜೇನಳನ್ನು ತಿಂಗಳುಗಟ್ಟಲೆ ಜೀವಸಹಿತ ಉಳಿಸಿದವಳೂ ಅವಳೇ. 1554ರ ಜನವರಿಯಲ್ಲಿ ಥಾಮಸ್ ವ್ಯಾಟ್ ದಂಗೆ ಎದ್ದು, ಜೇನಳ ಅಪ್ಪ ಅದಕ್ಕೆ ಕೈಜೋಡಿಸಿದ ಮೇಲೆಯೇ ಅವಳ ಗತಿ ಮುಗಿದದ್ದು. ಆ ಅಪ್ಪನ ಪಾತ್ರವನ್ನು ನಗೆಗೆ ಎಷ್ಟು ಬೇಕಾದರೂ ಬಳಸಿಕೊಳ್ಳಬಹುದು.

ಕೊನೆಗೆ, ಪುಸ್ತಕದ ಹಿಂಬದಿಯಲ್ಲಿ ಎರಡು ಪುಟದ ಒಂದು ಪಟ್ಟಿ ಹಾಕಿದೆವು: ಕಥೆಯಲ್ಲಿ ಹೀಗೆ, ನಡೆದದ್ದು ಹೀಗೆ. ಕಿರೀಟ ಉರುಳಿಲ್ಲ, ಮುದ್ರೆ ಕಳೆದದ್ದು ಗುಲ್ಲು ಮಾತ್ರ, ಜೇನಳ ಗಂಡ ಗಿಲ್‌ಫೋರ್ಡ್ ಡಡ್ಲಿಯ ತಲೆ ಉರುಳಿದ್ದು ಫೆಬ್ರವರಿ 12ರ ಬೆಳಗ್ಗೆ ಟವರ್ ಹಿಲ್‌ನಲ್ಲಿ, ಜೇನಳದು ಅವನ ನಂತರ ಕೋಟೆಯ ಒಳಗೆ. ಕರಡನ್ನು ಟ್ಯೂಡರ್ ಇತಿಹಾಸ ಬಲ್ಲ ಒಬ್ಬರಿಗೆ, ಏನೂ ತಿಳಿಯದ ಒಬ್ಬರಿಗೆ ಕೊಡಬೇಕು, ಇಬ್ಬರಿಗೂ ಈ ಪಟ್ಟಿ ತೋರಿಸದೆ. ಬಲ್ಲವರು ನಕ್ಕ ಜಾಗ, ತಿಳಿಯದವರು ನಕ್ಕ ಜಾಗ ಎರಡನ್ನೂ ಅಂಚಿನಲ್ಲಿ ಗುರುತು ಹಾಕಿಸಿಕೊಳ್ಳಬೇಕು. ಬಲ್ಲವರು ಮಾತ್ರ ನಕ್ಕ ಕಡೆ ಒಂದು ವಾಕ್ಯ ಸೇರಿಸಬೇಕು, ತಿಳಿಯದವರು ಮಾತ್ರ ನಕ್ಕ ಕಡೆ ತಾರೀಖನ್ನು ಇನ್ನೊಮ್ಮೆ ತಾಳೆ ನೋಡಬೇಕು.